ಮಾಂತ್ರಿಕ ಲೋಕಕ್ಕೂ ನಿಯಮ ಬೇಡವೆ?

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಕಾಲೇಜಿನ ಐದಾರು ಮಂದಿ ವಿದ್ಯಾರ್ಥಿಗಳು ದಪ್ಪನೆಯ ನೋಟುಬುಕ್ಕೊಂದನ್ನು ಹಿಡಿದು ನಮ್ಮಲ್ಲಿಗೆ ಬಂದರು. ಭೌತಶಾಸ್ತ್ರದ ಲೆಕ್ಕವನ್ನು ಕೇಳಲು ಬಂದಿರಬೇಕೆಂದು ಭಾವಿಸಿ ಪುಸ್ತಕವನ್ನು ತೆರೆದೆವು. ಮೊದಲ ಪುಟದಲ್ಲಿ ಕಂಡದ್ದು ಒಂದು ಭೂಪಟ. ಭೂಮಿಯ ಮೇಲೆ ಎಲ್ಲಿಯೂ ಇಲ್ಲದ ರಾಜ್ಯವೊಂದರ ಭೂಪಟ. ನದಿ, ಬೆಟ್ಟ, ಕೋಟೆ, ಪೇಟೆಗಳೆಲ್ಲವೂ ಅಲ್ಲಿದ್ದವು. ಮುಂದಿನ ಪುಟಗಳಲ್ಲಿ ಆ ರಾಜ್ಯದ ಅರಸರ ವಂಶಾವಳಿ, ಹಬ್ಬಹರಿದಿನಗಳು, ನಾಣ್ಯಗಳು, ಮಾಂತ್ರಿಕರ ಸಂಘಗಳು, ಅವರು ಪ್ರಯೋಗಿಸುವ ಮಂತ್ರಗಳ ಉದ್ದನೆಯ ಪಟ್ಟಿ. ರಜೆಯ ದಿನಗಳಲ್ಲಿ ತಾವು ಆಡುವ ಆಟವೊಂದಕ್ಕಾಗಿ ಈ ಲೋಕವನ್ನು ಸಿದ್ಧಪಡಿಸಿರುವುದಾಗಿ ತಿಳಿಸಿ, 'ಇದರಲ್ಲಿ ತಪ್ಪೇನಾದರೂ ಇದೆಯೇ ನೋಡಿ, ಸಾರ್' ಎಂದರು.

ಮಾಂತ್ರಿಕರ ರಾಜ್ಯದಲ್ಲಿ ತಪ್ಪು ಹುಡುಕಲು ಭೌತಶಾಸ್ತ್ರದ ಅಧ್ಯಾಪಕರನ್ನು ಕರೆಯುವುದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ನಮ್ಮ ಸಹೋದ್ಯೋಗಿಗಳೊಬ್ಬರಿಗೆ ಹಾಗೆಯೇ ತೋರಿತು. ವಿಜ್ಞಾನವನ್ನು ಓದುವ ಹುಡುಗರು ಮಾಟಮಂತ್ರಗಳ ಆಟದಲ್ಲಿ ಕಾಲ ಕಳೆಯುವುದೇ ತಪ್ಪು. ಅಧ್ಯಾಪಕರು ಅದಕ್ಕೆ ಕುಮ್ಮಕ್ಕು ಕೊಡುವುದು ಇನ್ನೂ ದೊಡ್ಡ ತಪ್ಪು ಎಂದು ಅವರು ಹೇಳಿದರು. ಅವರ ಆತಂಕ ಸುಳ್ಳಲ್ಲ. ಅದಕ್ಕೆ ಕೊನೆಯಲ್ಲಿ ಉತ್ತರ ಹೇಳುವೆವು. ಆದರೆ ನಮ್ಮ ಅಭಿಪ್ರಾಯ ಬೇರೆ. ಮಂತ್ರವುಳ್ಳ ಲೋಕವನ್ನು ಮನಬಂದಂತೆ ಕಲ್ಪಿಸಿದರೆ ಕಾಲಹರಣವಾಗುವುದು ನಿಜ. ಅದನ್ನೇ ಕ್ರಮವರಿತು ಕಲ್ಪಿಸಹೊರಟರೆ, ವಿಜ್ಞಾನಿಯು ಪ್ರಕೃತಿಗೆ ಹಾಕುವ ಪ್ರಶ್ನೆಗಳನ್ನೇ ಆ ಲೋಕಕ್ಕೂ ಹಾಕಬೇಕಾಗುತ್ತದೆ. ಆ ಪ್ರಶ್ನೆಗಳು ಮೂರು. ಮಂತ್ರದ ಬೆಲೆಯೇನು? ಆ ಬೆಲೆಯಿಂದ ಜನರ ಬಾಳು ಹೇಗೆ ರೂಪುಗೊಳ್ಳುತ್ತದೆ? ಮಂತ್ರದ ತಿಳಿವಳಿಕೆ ಯಾರ ಕೈಯಲ್ಲಿದೆ?

ಆಟವನ್ನು ಅರಿಯದ ಓದುಗರಿಗಾಗಿ ಎರಡು ಮಾತು. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬನು ಸೂತ್ರಧಾರ; ಉಳಿದವರು ಒಂದೊಂದು ಪಾತ್ರವನ್ನು ವಹಿಸುವರು. ಸೂತ್ರಧಾರನು ಸನ್ನಿವೇಶವನ್ನು ವರ್ಣಿಸುತ್ತಾನೆ: ಗುಹೆಯ ಬಾಗಿಲಿಗೆ ಬಂದಿದ್ದೀರಿ, ಒಳಗಿನಿಂದ ಕೆಮ್ಮಿದ ಸದ್ದು ಕೇಳಿತು, ಏನು ಮಾಡುವಿರಿ? ಪ್ರತಿಯೊಬ್ಬನೂ ತನ್ನ ಪಾತ್ರಕ್ಕೆ ತಕ್ಕಂತೆ ಉತ್ತರ ಕೊಡಬೇಕು. ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ನಿರ್ಣಯಿಸುತ್ತದೆ. ಅನೇಕ ವೇಳೆ ಅದು 20 ಮುಖಗಳ ದಾಳ. ನಮ್ಮ ಕರಾವಳಿ ಮಲೆನಾಡುಗಳ ತಾಳಮದ್ದಳೆಯನ್ನು ಕೇಳಿದವರಿಗೆ ಇದು ತೀರ ಹೊಸದೆನಿಸದು. ಅಲ್ಲಿಯೂ ಅರ್ಥಧಾರಿಗಳು ವೇಷವಿಲ್ಲದೆ, ಕುಳಿತಲ್ಲಿಯೇ, ಪಾತ್ರವಾಗಿ ಆಶುವಾಗಿ ಮಾತನಾಡುತ್ತಾರೆ. ವ್ಯತ್ಯಾಸವಿಷ್ಟೆ: ತಾಳಮದ್ದಳೆಯಲ್ಲಿ ಕಥೆಯ ಕೊನೆ ಎಲ್ಲರಿಗೂ ಗೊತ್ತು, ವಾಲಿ ಸಾಯಲೇಬೇಕು, ಈ ಆಟದಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಹೆಸರಿನಿಂದ ಇಂತಹ ಆಟದ ನಿಯಮಗಳನ್ನು ಮೊಟ್ಟಮೊದಲು ಅಚ್ಚುಮಾಡಿಸಿದರು. ಇಂದು ಅದರ ಸಂತತಿ ಲೋಕದಲ್ಲೆಲ್ಲ ಹರಡಿದೆ.

ವಿದ್ಯಾರ್ಥಿಗಳ ನೋಟುಬುಕ್ಕಿಗೆ ಹಿಂದಿರುಗೋಣ. ಅವರ ಮಾಂತ್ರಿಕರು ಬಂಡೆಯನ್ನು ಎತ್ತಬಲ್ಲರು, ಕೆರೆಯನ್ನು ಹೆಪ್ಪುಗಟ್ಟಿಸಬಲ್ಲರು, ಇಲ್ಲಿ ಮಾಯವಾಗಿ ಅಲ್ಲಿ ಕಾಣಿಸಿಕೊಳ್ಳಬಲ್ಲರು. ಆದರೆ ಅದೇ ರಾಜ್ಯದ ಹಳ್ಳಿಯ ವರ್ಣನೆಯಲ್ಲಿ ಹೆಂಗಸರು 20 ಮೀಟರು ಆಳದ ಬಾವಿಯಿಂದ ಹಗ್ಗ ಹಾಕಿ ನೀರು ಸೇದುತ್ತಿದ್ದರು! ನಾವು ಕೇಳಿದೆವು: 'ಬಂಡೆಯನ್ನು ಎತ್ತುವವರಿರುವ ಊರಿನಲ್ಲಿ ಒಂದು ಕೊಡ ನೀರನ್ನು ಎತ್ತುವವರಿಲ್ಲವೆ?' ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿದರು. ಆ ಹಳ್ಳಿಯನ್ನು ಅವರು ಯಾವುದೋ ಹಳೆಯ ಕಥೆಯಿಂದ ತೆಗೆದುಕೊಂಡಿದ್ದರು, ಮಂತ್ರಗಳನ್ನು ಇನ್ನೊಂದರಿಂದ. ಎರಡೂ ಒಂದೇ ಭೂಪಟದಲ್ಲಿದ್ದುವಾದರೂ ಒಂದನ್ನೊಂದು ಮುಟ್ಟಿಯೇ ಇರಲಿಲ್ಲ. ಮಾಂತ್ರಿಕ ಲೋಕಗಳನ್ನು ಕಟ್ಟುವವರಲ್ಲಿ ತೀರ ಸಾಮಾನ್ಯವಾದ ದೋಷ ಇದೇ.

ಇದಕ್ಕೆ ಮೊದಲ ಪರಿಹಾರ ಬೆಲೆಯನ್ನು ಗೊತ್ತುಮಾಡುವುದು. ಶಕ್ತಿಯನ್ನು ಹುಟ್ಟಿಸಲೂ ಆಗದು, ನಾಶಮಾಡಲೂ ಆಗದು. ರೂಪಾಂತರಿಸಬಹುದು ಅಷ್ಟೆ ಎಂಬ ತತ್ತ್ವವನ್ನು ಮೇಯರ್, ಜೂಲ್, ಹೆಲ್ಮ್‌ಹೋಲ್ಟ್ಸ್ ಮೊದಲಾದವರು 1840ರ ದಶಕದಲ್ಲಿ ಸ್ಥಾಪಿಸಿದರು. ಈ ತಕ್ಕಡಿಯಲ್ಲಿ ಮಂತ್ರಗಳನ್ನು ತೂಗಿ ನೋಡಿದರೆ ಸ್ವಾರಸ್ಯವಾದ ಸಂಗತಿಗಳು ಹೊರಬೀಳುವುವು. 1,000 ಕಿಲೋಗ್ರಾಂ ತೂಕದ ಬಂಡೆಯನ್ನು 10 ಮೀಟರು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ 98,000 ಜೂಲ್, ಅಂದರೆ ಸುಮಾರು 23 ಕಿಲೋಕ್ಯಾಲೊರಿ. ಇದು 6 ಗ್ರಾಂ ಸಕ್ಕರೆಯಲ್ಲಿ ಅಡಗಿರುವ ಶಕ್ತಿ! ಒಂದು ಲೀಟರು ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು 75 ಕಿಲೋಕ್ಯಾಲೊರಿ ಬೇಕು. ಎಂದರೆ, ನೋಡುವವರು ಬೆರಗಾಗುವಂತೆ ಬಂಡೆಯನ್ನು ಹಾರಿಸುವ ಮಾಂತ್ರಿಕನಿಗಿಂತ, ಮೂಲೆಯಲ್ಲಿ ಕುಳಿತು ಮಂತ್ರದಿಂದ ಒಂದು ಪಾತ್ರೆ ನೀರು ಕಾಯಿಸುವ ಅಡುಗೆಯವನು ಮೂರು ಪಟ್ಟು ಬಲಶಾಲಿ. ಈ ಲೆಕ್ಕವನ್ನು ಮಾಡಿದಾಗ ಹುಡುಗರು ನಕ್ಕರು. ಆದರೆ ಜೂಲನು ಜಗತ್ತಿಗೆ ಕಲಿಸಿದ ಪಾಠವನ್ನು ಆ ನಗುವಿನಲ್ಲಿಯೇ ಕಲಿತರು.

ಇನ್ನು ಕೆರೆಯನ್ನು ನೋಡೋಣ. ಒಂದು ಹೆಕ್ಟೇರು ವಿಸ್ತಾರದ, ಒಂದು ಮೀಟರು ಆಳದ ಕೆರೆಯಲ್ಲಿ 10,000 ಟನ್ ನೀರಿರುತ್ತದೆ. ಆ ನೀರು ಆಗಲೇ ಸೊನ್ನೆ ಡಿಗ್ರಿಗೆ ಇಳಿದಿದ್ದರೂ ಅದನ್ನು ಮಂಜುಗಡ್ಡೆಯಾಗಿಸಲು ಕಿಲೋಗ್ರಾಮಿಗೆ 80 ಕಿಲೋಕ್ಯಾಲೊರಿಯಂತೆ ಒಟ್ಟು 80 ಕೋಟಿ ಕಿಲೋಕ್ಯಾಲೊರಿ ಗುಪ್ತೋಷ್ಣವನ್ನು ಹೊರತೆಗೆಯಬೇಕು. ಹೊರತೆಗೆದ ಉಷ್ಣ ಹೋಗುವುದೆಲ್ಲಿಗೆ? ಸುಮಾರು 1,300 ಟನ್ ನೀರನ್ನು ಕುದಿಸಿ ಹಬೆಯಾಗಿಸಬಲ್ಲಷ್ಟು ಉಷ್ಣ ಅದು. ಕೆರೆಯನ್ನು ಹೆಪ್ಪುಗಟ್ಟಿಸಿದ ಮಾಂತ್ರಿಕನು ಅದನ್ನು ಎಲ್ಲಿಯಾದರೂ ಇಳಿಸದಿದ್ದರೆ ತಾನೇ ಬೂದಿಯಾದಾನು. ಮಾಯವಾಗಿ ಬೇರೆಡೆ ಕಾಣಿಸಿಕೊಳ್ಳುವವನ ಪಾಡೂ ಸುಖದ್ದಲ್ಲ. ಭೂಮಿಯ ಆವರ್ತನೆಯಿಂದ ಬೆಂಗಳೂರಿನ ನೆಲ ಸೆಕೆಂಡಿಗೆ ಸುಮಾರು 453 ಮೀಟರು ವೇಗದಲ್ಲಿ ಪೂರ್ವಕ್ಕೆ ಧಾವಿಸುತ್ತಿದೆ. ದೆಹಲಿಯ ನೆಲ ಸುಮಾರು 408 ಮೀಟರು ವೇಗದಲ್ಲಿ. ಇಲ್ಲಿ ಮಾಯವಾಗಿ ಅಲ್ಲಿ ಮೂಡಿದವನು ಗಂಟೆಗೆ ಸುಮಾರು 160 ಕಿಲೋಮೀಟರು ವೇಗದಲ್ಲಿ ಪೂರ್ವದ ಗೋಡೆಗೆ ಅಪ್ಪಳಿಸುತ್ತಾನೆ!

ಇದನ್ನು ಓದಿ, 'ಭೌತಶಾಸ್ತ್ರವನ್ನೇ ಪಾಲಿಸುವುದಾದರೆ ಮಂತ್ರವೇಕೆ?' ಎಂದು ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆ. ಕಲ್ಪನೆಯ ಲೋಕದಲ್ಲಿ ಒಂದು ಸುಳ್ಳಿಗೆ ಅವಕಾಶ ಕೊಡಲೇಬೇಕು. ಆದರೆ ಆ ಸುಳ್ಳು ಯಾವುದು ಎಂಬುದು ಲೋಕವನ್ನು ಕಟ್ಟುವವನಿಗೆ ಗೊತ್ತಿರಬೇಕು, ಉಳಿದುದೆಲ್ಲ ಪ್ರಾಮಾಣಿಕವಾಗಿರಬೇಕು. 1991ರಲ್ಲಿ ಹೊರಬಂದ 'ಡಾರ್ಕ್ ಸನ್' ಎಂಬ ಆಟದ ಲೋಕವು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಮಂತ್ರದ ಬಲ ಬರುವುದು ಗಿಡಮರಗಳ ಜೀವಸತ್ತ್ವದಿಂದ. ಎಚ್ಚರವಿಲ್ಲದ ಮಾಂತ್ರಿಕನು ಮಂತ್ರ ಹಾಕಿದೆಡೆ ಹಸುರು ಬೂದಿಯಾಗುತ್ತದೆ. ತಲೆತಲಾಂತರಗಳ ಮಾಂತ್ರಿಕರು ಹಾಗೆ ಮಾಡಿದ್ದರಿಂದ ಇಡೀ ಲೋಕವೇ ಮರುಭೂಮಿಯಾಗಿದೆ. ಒಂದೇ ಒಂದು ನಿಯಮ. ಅದರಿಂದ ಆ ಲೋಕದ ಭೂಗೋಳ, ಚರಿತ್ರೆ, ನೀತಿ, ಭೀತಿಗಳೆಲ್ಲ ತಾವಾಗಿ ಹುಟ್ಟಿಕೊಂಡಿವೆ.

ನಮ್ಮ ವಿದ್ಯಾರ್ಥಿಗಳೂ ಬಹಳ ಚರ್ಚಿಸಿ ಒಂದು ನಿಯಮವನ್ನು ಮಾಡಿಕೊಂಡರು: ಮಂತ್ರದಿಂದ ವಸ್ತುವನ್ನು ಎತ್ತಬಹುದು, ಆದರೆ ಅದಕ್ಕೆ ಬೇಕಾದ ಶಕ್ತಿ ಎತ್ತುವವನ ಮೈಯ ಶಾಖದಿಂದಲೇ ಹೋಗಬೇಕು. ಉಷ್ಣವನ್ನು ಹೀಗೆ ಪೂರ್ತಿಯಾಗಿ ಕೆಲಸವನ್ನಾಗಿ ಮಾರ್ಪಡಿಸುವುದನ್ನು ಉಷ್ಣಗತಿವಿಜ್ಞಾನದ ಎರಡನೆಯ ನಿಯಮ ಒಪ್ಪುವುದಿಲ್ಲ. ಅದೇ ನಾವು ತಿಳಿದೂ ತಿಳಿದೂ ಅನುಮತಿಸಿದ ಸುಳ್ಳು. ಬಳಿಕ ಲೆಕ್ಕಕ್ಕೆ ಕುಳಿತೆವು. 10 ಕಿಲೋಗ್ರಾಂ ನೀರನ್ನು 20 ಮೀಟರು ಎತ್ತಲು 1,960 ಜೂಲ್ ಬೇಕು. 50 ಕಿಲೋಗ್ರಾಂ ತೂಕದ ಮನುಷ್ಯನ ಮೈ ಒಂದು ಡಿಗ್ರಿ ತಣ್ಣಗಾದರೆ ಸುಮಾರು 1,75,000 ಜೂಲ್ ಹೊರಬೀಳುತ್ತದೆ. ಎಂದರೆ ಬಿಡುವಿಲ್ಲದೆ ಸುಮಾರು 90 ಕೊಡ ಎತ್ತಿದರೆ ಮೈಶಾಖ ಒಂದು ಡಿಗ್ರಿ ಇಳಿಯುತ್ತದೆ. 180 ಕೊಡಕ್ಕೆ ಎರಡು ಡಿಗ್ರಿ. 37ರಿಂದ 35ಕ್ಕೆ ಇಳಿದ ಮನುಷ್ಯ ಗಡಗಡ ನಡುಗುತ್ತಾನೆ. ಇನ್ನೂ ಇಳಿದರೆ ಬುದ್ಧಿ ಮಂಕಾಗುತ್ತದೆ. ಹೋದ ಶಾಖವನ್ನು ದೇಹ ಮತ್ತೆ ತುಂಬಿಕೊಳ್ಳಬಲ್ಲುದು. ಆದರೆ ಅದಕ್ಕೆ ವಿಶ್ರಾಂತಿ ಬೇಕು, ಹೊಟ್ಟೆಗೆ ಅನ್ನ ಬೇಕು.

ಅಲ್ಲಿಯವರೆಗೆ ಸುಮ್ಮನಿದ್ದ ವಿದ್ಯಾರ್ಥಿನಿಯೊಬ್ಬಳು ಹೇಳಿದಳು: 'ಹಾಗಾದರೆ ಉಳ್ಳವರು ತಾವು ಮಂತ್ರ ಹಾಕುವುದಿಲ್ಲ, ಸಾರ್. ಹಸಿದವರಿಗೆ ಕೂಲಿ ಕೊಟ್ಟು ಹಾಕಿಸುತ್ತಾರೆ.'

ಕ್ಷಣಕಾಲ ಯಾರೂ ಮಾತನಾಡಲಿಲ್ಲ. ಆ ಒಂದು ಮಾತಿನಿಂದ ನೋಟುಬುಕ್ಕಿನ ರಾಜ್ಯಕ್ಕೆ ಜೀವ ಬಂದಿತು. ಬಾವಿಕಟ್ಟೆಯ ಬಳಿ ಸದಾ ಉರಿಯುವ ಒಲೆ, ನೀರೆತ್ತುವವರಿಗೆ ಕೂಲಿಯ ಜೊತೆಗೆ ಬಿಸಿಗಂಜಿ ಕೊಡಬೇಕೆಂಬ ಕಟ್ಟಳೆ, ಚಳಿಗಾಲದಲ್ಲಿ ಮಂತ್ರ ಹಾಕಿಸಬಾರದೆಂಬ ನಿಷೇಧ, ಅದನ್ನು ಮೀರುವ ಜಮೀನ್ದಾರ, ತಣ್ಣನೆಯ ಕೈಯವರಿಗೆ ಹೆಣ್ಣು ಕೊಡಲು ಹಿಂಜರಿಯುವ ಮನೆತನಗಳು ಒಂದೊಂದಾಗಿ ಮೂಡಿದವು. ಹಗ್ಗ ಹಾಕಿ ನೀರು ಸೇದುವ ಹೆಂಗಸರು ಅಲ್ಲಿಯೇ ಉಳಿದರು; ಆದರೆ ಈಗ ಅವರಿಗೆ ಕಾರಣವಿತ್ತು. ತಮ್ಮ ಮೈಯ ಶಾಖವನ್ನು ಮಾರಲು ಅವರು ಒಪ್ಪಿರಲಿಲ್ಲ. ಸಂಸ್ಕೃತಿಯೆಂಬುದು ವೇಷಭೂಷಣಗಳ ಪಟ್ಟಿಯಲ್ಲ. ಬೆಲೆ ತೆರಬೇಕಾದ ಜನರು ಆ ಬೆಲೆಯನ್ನು ಹಂಚಿಕೊಳ್ಳಲು, ತಪ್ಪಿಸಿಕೊಳ್ಳಲು, ಇನ್ನೊಬ್ಬರ ತಲೆಗೆ ಕಟ್ಟಲು ಮಾಡಿಕೊಂಡ ಏರ್ಪಾಡುಗಳ ಮೊತ್ತ.

ಈ ಎರಡನೆಯ ಪ್ರಶ್ನೆಗೆ ಮಾನವಶಾಸ್ತ್ರವೂ ನೆರವಾಗುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಶಾಂತಸಾಗರದ ಟ್ರೊಬ್ರಿಯಾಂಡ್ ದ್ವೀಪಗಳಲ್ಲಿದ್ದು ಅಲ್ಲಿನವರ ಬಾಳನ್ನು ಅಭ್ಯಾಸ ಮಾಡಿದ ಮ್ಯಾಲಿನೋವ್‌ಸ್ಕಿಯು ಒಂದು ಅರ್ಥವತ್ತಾದ ಸಂಗತಿಯನ್ನು ಗುರುತಿಸಿದನು. ದಡದ ಒಳಗಿನ ಶಾಂತ ನೀರಿನಲ್ಲಿ, ಅಪಾಯವಿಲ್ಲದೆ ಮೀನು ಸಿಕ್ಕುವೆಡೆ, ಆ ಜನರು ಮಂತ್ರವನ್ನು ಬಳಸುತ್ತಿರಲಿಲ್ಲ. ಅಪಾಯವೂ ಅನಿಶ್ಚಯವೂ ತುಂಬಿದ ತೆರೆದ ಕಡಲಿಗೆ ಹೊರಟಾಗ ಮಾತ್ರ ವಿಸ್ತಾರವಾದ ಮಂತ್ರಕ್ರಿಯೆಗಳು ನಡೆಯುತ್ತಿದ್ದವು. ಕೈ ಸಾಗುವ ಕಡೆ ಕೌಶಲ, ಕೈ ಸಾಗದ ಕಡೆ ಮಂತ್ರ. ಸೂಡಾನಿನ ಅಜಾಂಡೆ ಜನರನ್ನು ಕುರಿತು ಇವಾನ್ಸ್ ಪ್ರಿಚರ್ಡನು 1937ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇನ್ನೊಂದು ಪಾಠವಿದೆ. ಗೆದ್ದಲು ತಿಂದ ಕಂಬಗಳ ಕಣಜ ಕುಸಿದು ನೆರಳಿಗೆ ಕುಳಿತಿದ್ದವರ ಮೇಲೆ ಬಿದ್ದರೆ, ಗೆದ್ದಲೇ ಕಾರಣವೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಇವರೇ ಕುಳಿತಿದ್ದಾಗ, ಇದೇ ಗಳಿಗೆಯಲ್ಲಿ ಏಕೆ ಬಿತ್ತು ಎಂಬ ಪ್ರಶ್ನೆಗೆ ಅವರು ಮಾಟವನ್ನು ಉತ್ತರವಾಗಿ ಕೊಡುತ್ತಾರೆ. ಮಂತ್ರವನ್ನು ನಂಬುವ ಜನರು ದಡ್ಡರೆಂದು ಚಿತ್ರಿಸುವವನು ಒಳ್ಳೆಯ ಆಟವನ್ನೂ ಕಟ್ಟಲಾರನು, ಒಳ್ಳೆಯ ವಿಜ್ಞಾನಿಯೂ ಆಗಲಾರನು. ಆಟದ ಲೋಕದಲ್ಲಿಯಾದರೋ ಮಂತ್ರ ನಿಜವಾಗಿಯೂ ಫಲಿಸುತ್ತದೆ. ಆದ್ದರಿಂದ ಅಲ್ಲಿ ಅದು ಯಂತ್ರದಂತೆ ಪೇಟೆಬೀದಿಗೂ ಇಳಿಯಬೇಕು. 2004ರಲ್ಲಿ ಪ್ರಕಟವಾದ, ಕೀತ್ ಬೇಕರ್ ಕಲ್ಪಿಸಿದ 'ಎಬೆರಾನ್' ಎಂಬ ಲೋಕದಲ್ಲಿ ಮಂತ್ರದಿಂದ ಬೀದಿದೀಪ ಉರಿಯುತ್ತದೆ, ರೈಲು ಓಡುತ್ತದೆ. ಆ ಉದ್ಯಮಗಳನ್ನು ಕೆಲವೇ ಮನೆತನಗಳು ತಮ್ಮ ಹಿಡಿತದಲ್ಲಿಟ್ಟುಕೊಂಡಿವೆ.

ಈ ಹಿಡಿತದ ಮಾತೇ ನಮ್ಮನ್ನು ಮೂರನೆಯ ಪ್ರಶ್ನೆಗೆ ಒಯ್ಯುತ್ತದೆ. ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದುದು. 1987ರಲ್ಲಿ ಬಂದ 'ಆರ್ಸ್ ಮ್ಯಾಜಿಕಾ' ಎಂಬ ಆಟದಲ್ಲಿ ಮಂತ್ರಕ್ಕೊಂದು ವ್ಯಾಕರಣವಿದೆ. ಸೃಷ್ಟಿಸು, ತಿಳಿ, ಮಾರ್ಪಡಿಸು, ನಾಶಮಾಡು, ಆಳು ಎಂಬ ಅರ್ಥದ 5 ಲ್ಯಾಟಿನ್ ಕ್ರಿಯಾಪದಗಳು. ನೀರು, ಬೆಂಕಿ, ಗಿಡ, ಮನಸ್ಸು ಮುಂತಾದ 10 ನಾಮಪದಗಳು. ಇವನ್ನು ಕೂಡಿಸಿದರೆ 50 ಬಗೆಯ ಮಂತ್ರಗಳು. ಬಲು ಸೊಗಸಾದ ಏರ್ಪಾಡು. ಆದರೆ ಆ ವ್ಯಾಕರಣ ಮಾಂತ್ರಿಕರ ಸಂಘದವರಿಗೆ ಮಾತ್ರ ತಿಳಿದಿದೆ. ಹೊಲ ಉಳುವವನಿಗೆ ತಿಳಿಯದು. ಇತಿಹಾಸದಲ್ಲಿಯೂ ಹೀಗೆಯೇ ನಡೆದಿದೆಯಲ್ಲವೆ? ನ್ಯೂಟನ್ನನು ರಸವಿದ್ಯೆಯನ್ನು ಕುರಿತು ಲಕ್ಷಗಟ್ಟಲೆ ಪದಗಳನ್ನು ಬರೆದಿಟ್ಟನು, ಆದರೆ ಅವನ್ನು ಪ್ರಕಟಿಸಲಿಲ್ಲ. 1936ರಲ್ಲಿ ಲಂಡನ್ನಿನಲ್ಲಿ ಅವನ ಹಸ್ತಪ್ರತಿಗಳು ಹರಾಜಾದ ಮೇಲೆಯೇ ಲೋಕ ಆ ವಿಷಯವನ್ನು ಗಮನಿಸಿತು. ಅದೇ ನ್ಯೂಟನ್ನನು 1687ರಲ್ಲಿ ತನ್ನ ಚಲನನಿಯಮಗಳನ್ನು ಅಚ್ಚುಹಾಕಿಸಿದನು. ಅವನ್ನು ಓದಿ ಲೆಕ್ಕ ಹಾಕಿದ ಹ್ಯಾಲಿಯು ಒಂದು ಧೂಮಕೇತು ಹಿಂದಿರುಗುವ ಕಾಲವನ್ನು ಮುಂದಾಗಿ ತಿಳಿಸಿದನು. 1758ರಲ್ಲಿ, ಅವರಿಬ್ಬರೂ ತೀರಿಕೊಂಡ ಬಳಿಕ, ಅದು ಕಾಣಿಸಿಕೊಂಡಿತು. ಮನುಷ್ಯ ಒಬ್ಬನೇ, ಬುದ್ಧಿ ಒಂದೇ. ಮುಚ್ಚಿಟ್ಟ ವಿದ್ಯೆಯನ್ನು ಯಾರೂ ತಿದ್ದಲಿಲ್ಲ, ಯಾರೂ ಬೆಳೆಸಲಿಲ್ಲ. ತೆರೆದಿಟ್ಟ ವಿದ್ಯೆ ಅವನನ್ನೂ ಮೀರಿ ಬೆಳೆಯಿತು.

ತೆರೆದಿಡುವುದೆಂದರೆ ಅಚ್ಚುಹಾಕಿಸುವುದಷ್ಟೇ ಅಲ್ಲ, ಜನರ ಮಾತಿನಲ್ಲಿ ಹೇಳುವುದು ಸಹ. ಗೆಲಿಲಿಯೋ 1632ರಲ್ಲಿ ತನ್ನ ಪ್ರಸಿದ್ಧ ಸಂವಾದಗ್ರಂಥವನ್ನು ಪಂಡಿತರ ಲ್ಯಾಟಿನ್ನಿನಲ್ಲಿ ಬರೆಯದೆ ಊರವರ ಇಟಾಲಿಯನ್ನಿನಲ್ಲಿ ಬರೆದನು. ನ್ಯೂಟನ್ನನೂ 1704ರಲ್ಲಿ ಬೆಳಕಿನ ಗ್ರಂಥವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಕನ್ನಡದಲ್ಲಿ ವಿಜ್ಞಾನವನ್ನು ಓದುವ ನಿಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತನಗೆ ತಿಳಿಯದ ಭಾಷೆಯಲ್ಲಿ ಕಟ್ಟಿಟ್ಟ ಸೂತ್ರ ಎಷ್ಟೇ ಸತ್ಯವಾಗಿರಲಿ, ಓದಲಾರದವನ ಪಾಲಿಗೆ ಅದು ಮಂತ್ರವೇ ಸರಿ. ವಿಜ್ಞಾನಕ್ಕೂ ಮಂತ್ರಕ್ಕೂ ಇರುವ ನಿಜವಾದ ಭೇದ ಬೆರಗಿನಲ್ಲಿಲ್ಲ, ಬಲದಲ್ಲಿಯೂ ಇಲ್ಲ. 'ನೀನೂ ಮಾಡಿ ನೋಡು. ತಪ್ಪಿದ್ದರೆ ತೋರಿಸು' ಎಂದು ಹೇಳುವ ಧೈರ್ಯದಲ್ಲಿದೆ.

ಈಗ ನಮ್ಮ ಸಹೋದ್ಯೋಗಿಗಳ ಆಕ್ಷೇಪಕ್ಕೆ ಬರೋಣ. ಮಂತ್ರದ ಆಟ ಮೂಢನಂಬಿಕೆಯನ್ನು ಬೆಳೆಸದೆ? ನಂಬಿಕೆಯ ಬೆಲೆ ಕೆಲವೊಮ್ಮೆ ಪ್ರಾಣವೆಂಬುದನ್ನು ನಾವು ಮರೆತಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಮಂದಿ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಕಚ್ಚಿಸಿಕೊಂಡವರನ್ನು ಆಸ್ಪತ್ರೆಗೆ ಒಯ್ಯುವ ಬದಲು ಮಂತ್ರ ಹಾಕಿಸಲು ಒಯ್ದು, ಪ್ರತಿವಿಷದ ಚುಚ್ಚುಮದ್ದಿಗೆ ಹೊತ್ತು ಮೀರಿಸುವುದು ಇಂದಿಗೂ ಉಂಟು. ಮಂತ್ರ ಹಾಕಿಸಿಕೊಂಡು ಬದುಕಿದವರನ್ನು ಜನ ಸಾಕ್ಷಿಯಾಗಿ ತೋರಿಸುತ್ತಾರೆ. ಆದರೆ ಕಚ್ಚುವ ಹಾವುಗಳಲ್ಲಿ ಬಹಳಷ್ಟು ವಿಷವಿಲ್ಲದವು. ವಿಷದ ಹಾವೂ ಎಲ್ಲ ಸಲವೂ ವಿಷವನ್ನು ಬಿಡುವುದಿಲ್ಲ. ಮಂತ್ರವಿಲ್ಲದೆಯೇ ಬದುಕುತ್ತಿದ್ದವರೆಷ್ಟು ಎಂದು ಕೇಳದವನಿಗೆ ಮಂತ್ರ ಫಲಿಸಿದಂತೆ ಕಾಣುವುದು ಸಹಜ.

ಇಂತಹ ನಂಬಿಕೆಗೆ ಆಹಾರವಾಗುವುದು ಪ್ರಶ್ನೆಗೆ ಸಿಕ್ಕದ ಮಂತ್ರ. ಬೆಲೆಯನ್ನು ಕೇಳಿ, ಲೆಕ್ಕ ಹಾಕಿ, ಫಲಿಸದ ಸಂದರ್ಭಗಳನ್ನೂ ಬರೆದಿಟ್ಟು, 20 ಮುಖಗಳ ದಾಳದಲ್ಲಿ ಅಪೂರ್ವವಾದ ಅಂಕೆಯೂ ಸರಾಸರಿ 20 ಎಸೆತಗಳಿಗೊಮ್ಮೆ ತಾನಾಗಿಯೇ ಬೀಳುವುದನ್ನು ಕಣ್ಣಾರೆ ಕಂಡ ಹುಡುಗನು, ಬೀದಿಯಲ್ಲಿ ಪವಾಡ ಮಾರುವವನೆದುರು ಬಾಯಿಬಿಟ್ಟು ನಿಲ್ಲುವನೆಂದು ನಮಗೆ ತೋರುವುದಿಲ್ಲ. ಆದರೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಆಟದ ನಿಯಮವನ್ನು ನಾವು ಮೇಜಿನ ಸುತ್ತ ಕುಳಿತು ಒಪ್ಪಿಕೊಂಡಿದ್ದೇವೆ. ಪ್ರಕೃತಿಯ ನಿಯಮ ನಮ್ಮ ಒಪ್ಪಿಗೆಯನ್ನು ಕೇಳುವುದಿಲ್ಲ. ಅಲ್ಲಿ ನಿಯಮವನ್ನು ಮಾಡುತ್ತೇವೆ, ಇಲ್ಲಿ ಹುಡುಕುತ್ತೇವೆ. ಈ ಅಂತರವನ್ನು ಮರೆತವನಿಗೆ ಆಟವೂ ಬೇಡ.

ನಿಯಮ ಹಾಕಿದರೆ ಬೆರಗು ಕೆಟ್ಟೀತೆಂದು ಹೇಳುವವರೂ ಉಂಟು. ಅವರಿಗೆ ನಮ್ಮ ವಿದ್ಯಾರ್ಥಿಗಳ ಆಟವೇ ಉತ್ತರ. ನೀರೆತ್ತುವ ಮಂತ್ರದ ಬೆಲೆಯನ್ನು ಮೈಯ ಶಾಖದಿಂದ ಮಾತ್ರವಲ್ಲ, ಪಕ್ಕದಲ್ಲಿ ಉರಿಯುವ ಒಲೆಯ ಶಾಖದಿಂದಲೂ ತೆರಬಹುದೆಂಬುದು ಆ ರಾಜ್ಯದ ಮಾಂತ್ರಿಕರ ಸಂಘಕ್ಕೆ ಮೊದಲಿನಿಂದ ಗೊತ್ತಿತ್ತಂತೆ, ಕೂಲಿಯವರಿಗೆ ಹೇಳಿರಲಿಲ್ಲ. ಗುಟ್ಟು ಪಂಡಿತರ ಭಾಷೆಯ ಗ್ರಂಥದಲ್ಲಿ ಭದ್ರವಾಗಿತ್ತು. ಕೂಲಿಯವಳ ಮಗಳೊಬ್ಬಳು ಆ ಭಾಷೆಯನ್ನು ಕಲಿತು, ಗ್ರಂಥವನ್ನು ಓದಿ, ಊರವರ ಮಾತಿನಲ್ಲಿ ಬರೆದು ಬಾವಿಕಟ್ಟೆಗೆ ಅಂಟಿಸುವುದೇ ಅವರ ಆಟದ ಕಥೆಯಾಯಿತು. ಆ ಪಾತ್ರವನ್ನು ವಹಿಸಿದವಳು ಯಾರೆಂದು ಓದುಗರು ಊಹಿಸಬಲ್ಲರು. ಸಂಘದ ಕಾವಲುಗಾರರನ್ನು ದಾಟಿ ಅವಳು ಗೆದ್ದಳೋ ಸೋತಳೋ ಎಂದು ನಾವು ಕೇಳಿದಾಗ, 'ಇನ್ನೂ ಆಟ ಮುಗಿದಿಲ್ಲ, ಸಾರ್' ಎಂದರು.

ತರುಣ ಓದುಗರಲ್ಲಿ ನಮ್ಮ ವಿನಂತಿ ಇಷ್ಟೆ. ಮುಂದಿನ ರಜೆಯಲ್ಲಿ ಒಂದು ನೋಟುಬುಕ್ಕನ್ನು ತೆಗೆದುಕೊಂಡು ನಿಮ್ಮದೇ ಒಂದು ಮಂತ್ರವನ್ನು ಬರೆಯಿರಿ, ಒಂದೇ ಸಾಕು. ಅದರ ಬೆಲೆಯನ್ನು ಜೂಲುಗಳಲ್ಲಿ ಲೆಕ್ಕ ಹಾಕಿರಿ. ಆ ಬೆಲೆಯನ್ನು ಯಾರು ತೆರುತ್ತಾರೆ, ಫಲವನ್ನು ಯಾರು ಉಣ್ಣುತ್ತಾರೆ, ಗುಟ್ಟು ಯಾರ ಪೆಟ್ಟಿಗೆಯಲ್ಲಿದೆ ಎಂದು ಕೇಳಿರಿ. ಬಳಿಕ ಪುಸ್ತಕವನ್ನು ಮುಚ್ಚಿ, ನಿಮ್ಮ ಮನೆಯ ದೀಪದ ಗುಂಡಿಯನ್ನು ಒತ್ತಿ, ಅವೇ ಮೂರು ಪ್ರಶ್ನೆಗಳನ್ನು ಅದಕ್ಕೂ ಹಾಕಿ ನೋಡಿರಿ.